ಅರವತ್ತರ ಅರಳುಮರಳು ಮತ್ತು ಮಿದುಳಿನ ಹಸಿವು



ಹಲಸೂರಿನ ಸಹೋದರಿಯೊಬ್ಬರು ಬರೆದ ನಾಲ್ಕು ಪುಟಗಳ ಪತ್ರವೊಂದನ್ನು ಸಂಪಾದಕರು ನಮಗೆ ತಲುಪಿಸಿದ್ದಾರೆ. ತಮ್ಮ ಹೆಸರನ್ನಾಗಲಿ ಮನೆತನದ ಹೆಸರನ್ನಾಗಲಿ ಪ್ರಕಟಿಸಬಾರದೆಂಬುದು ಅವರ ಕೋರಿಕೆ. ಅವರ ಅತ್ತೆಯವರಿಗೆ ಈಗ ೭೪ ವರ್ಷ. ಎರಡು ವರ್ಷಗಳಿಂದ ಅವರಿಗೆ ಮರೆವು ಹೆಚ್ಚಿದೆ. ಉಂಡ ತಟ್ಟೆಯನ್ನು ತೊಳೆದಿಟ್ಟು ಇನ್ನೂ ಕೈ ಒರೆಸಿಕೊಂಡಿರುವುದಿಲ್ಲ, ಅಷ್ಟರಲ್ಲಿ “ಇವತ್ತು ನನಗೆ ಊಟವಿಲ್ಲವೇ?” ಎಂದು ಕೇಳುತ್ತಾರಂತೆ. ಬಾಗಿಲಿಗೆ ಬಂದ ಹೂವಾಡಗಿತ್ತಿಯ ಮುಂದೆ, ಪಕ್ಕದ ಮನೆಯವರ ಮುಂದೆ, “ಈ ಮನೆಯಲ್ಲಿ ನನಗೆ ಅನ್ನ ಹಾಕುವವರಿಲ್ಲ” ಎಂದು ಕಣ್ಣೀರಿಡುತ್ತಾರಂತೆ. ಇಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಆದರೆ ಅವರ ಮೈಯೂ ಇಳಿದಿದೆ, ಕೈಬಳೆ ಜಾರಿ ಬೀಳುತ್ತಿದೆ. ಹಬ್ಬಕ್ಕೆಂದು ಕೃಷ್ಣರಾಜಪುರದಿಂದ ಬಂದ ನಾದಿನಿ, “ಅಮ್ಮನ ಮೈ ನೋಡಿದರೆ ತಿಳಿಯುತ್ತದೆ, ನೀವು ಎಷ್ಟು ಬಡಿಸುತ್ತೀರಿ ಎಂದು” ಎಂದುಬಿಟ್ಟರಂತೆ. “ಗುರುಗಳೇ, ನಾನು ಮೂರು ಹೊತ್ತು ಕೂತು ಉಣಿಸುತ್ತೇನೆ. ಇದಕ್ಕೆ ಯಾರನ್ನು ಸಾಕ್ಷಿ ಕರೆಯಲಿ?” ಎಂದು ಆ ತಾಯಿ ಕೇಳಿದ್ದಾರೆ.

ಸಾಕ್ಷಿಯುಂಟು. ಈ ತಿಂಗಳ ಅಂಕಣವನ್ನು ಆ ಸಾಕ್ಷಿಗಾಗಿಯೇ ಮೀಸಲಿಡಬೇಕೆನಿಸಿದೆ.

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿ ಮನೆಮಾತಾಗಿದೆ. ಅರವತ್ತನ್ನು ದಾಟಿದ ನಮಗೆ ಈ ಗಾದೆಯ ಮೇಲೆ ಸ್ವಲ್ಪ ತಕರಾರಿದೆ; ಅದು ಬದಿಗಿರಲಿ. ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವುದು ವಯೋಸಹಜವಾದ ಮರೆವು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಏತಕ್ಕೆಂದು ನೋಡುವುದು ರೋಗ. ಇವೆರಡನ್ನೂ ಗಾದೆಯು ಒಂದೇ ಮೂಟೆಯಲ್ಲಿ ಕಟ್ಟಿಬಿಟ್ಟಿದೆ. ಅದರಿಂದಾಗಿ ನಮ್ಮ ಮನೆಗಳಲ್ಲಿ ರೋಗವನ್ನು ರೋಗವೆಂದು ಗುರುತಿಸುವುದಕ್ಕೇ ಮೂರು ನಾಲ್ಕು ವರ್ಷಗಳು ಕಳೆದುಹೋಗುತ್ತವೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ, ಪತ್ರಿಕೆಗಳು ಮರೆಗುಳಿ ರೋಗವೆನ್ನುತ್ತವೆ. ಅದರ ಬಗೆಗಳಲ್ಲಿ ಅತ್ಯಂತ ಸಾಮಾನ್ಯವಾದುದು ಆಲ್ಝೈಮರ್ ಕಾಯಿಲೆ. ೧೯೦೬ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಅವರು ಮೃತಳಾದ ತಮ್ಮ ರೋಗಿಯೊಬ್ಬಳ ಮಿದುಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿ, ನರಕೋಶಗಳ ನಡುವೆ ಜಿಡ್ಡಿನಂಥ ಗುಪ್ಪೆಗಳನ್ನೂ ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡು ವಿವರಿಸಿದರು. ಅಂದಿನಿಂದ ಇಂದಿನವರೆಗೆ ಸಂಶೋಧಕರ ಗಮನವೆಲ್ಲ ಬಹುಮಟ್ಟಿಗೆ ಆ ಗುಪ್ಪೆ ಮತ್ತು ಸಿಕ್ಕುಗಳ ಮೇಲೆಯೇ ಇತ್ತು. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ೭.೪ರಷ್ಟು, ಅಂದರೆ ಸುಮಾರು ೮೮ ಲಕ್ಷ ಜನ ಮರೆಗುಳಿ ರೋಗದಿಂದ ಬಳಲುತ್ತಿದ್ದಾರೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವು ತಿಳಿಸಿದೆ. ಹಲಸೂರಿನ ಆ ಮನೆ ಒಂಟಿಯಲ್ಲ.

ನಾವು ವೈದ್ಯರಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ ಬಂದವರು. ಆದುದರಿಂದ ತಿಳಿದವರು ಬರೆದುದನ್ನು ಓದಿ, ಅದರಲ್ಲಿ ನಮ್ಮ ಗೃಹಸ್ಥರಿಗೆ ಬೇಕಾದುದನ್ನು ಆಯ್ದು ಹೇಳುವುದಷ್ಟೇ ನಮ್ಮ ಕೆಲಸ.

ಈ ರೋಗವು ನೆನಪಿನದು ಮಾತ್ರವೆಂದು ನಾವು ತಿಳಿದಿದ್ದೇವೆ. ಅದು ದೇಹವು ಆಹಾರವನ್ನು ಉರಿಸಿ ಶಕ್ತಿಯನ್ನಾಗಿ ಮಾಡಿಕೊಳ್ಳುವ ಕ್ರಿಯೆಗೂ ಸಂಬಂಧಿಸಿದ್ದು. ಈ ಕ್ರಿಯೆಯನ್ನು ವಿಜ್ಞಾನಿಗಳು ಚಯಾಪಚಯ ಎನ್ನುತ್ತಾರೆ. ನಮ್ಮ ಆಯುರ್ವೇದವು ಅಗ್ನಿಯೆಂಬ ಮಾತಿನಲ್ಲಿ ಇದನ್ನು ಕುರಿತು ಚಿಂತಿಸಿತು. ಜಠರಾಗ್ನಿಯೊಂದು, ಭೂತಾಗ್ನಿಗಳೈದು, ಧಾತ್ವಗ್ನಿಗಳೇಳು ಎಂದು ಹದಿಮೂರು ಅಗ್ನಿಗಳನ್ನು ಎಣಿಸಿತು. ಹಾಗೆಂದು ಇಂದಿನವರು ಕಂಡದ್ದೆಲ್ಲವೂ ಅಂದಿನವರಿಗೆ ತಿಳಿದಿತ್ತೆಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವವರ ಸಾಲಿಗೆ ನಾವು ಸೇರುವುದಿಲ್ಲ. ಅಗ್ನಿಯೆಂಬ ಮಾತು ಇಲ್ಲಿ ನಮಗೆ ಒಂದು ಅನುಕೂಲ, ಅಷ್ಟೇ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹವು ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಪಾಲನ್ನು ಅದೊಂದೇ ತಿನ್ನುತ್ತದೆ. ಅದರ ಮುಖ್ಯ ಆಹಾರ ರಕ್ತದಲ್ಲಿರುವ ಗ್ಲೂಕೋಸ್ ಎಂಬ ಸಕ್ಕರೆ. ದಿನವೊಂದಕ್ಕೆ ಸುಮಾರು ೧೦೦ರಿಂದ ೧೨೦ ಗ್ರಾಂ ಗ್ಲೂಕೋಸ್ ಮಿದುಳಿಗೇ ಬೇಕು. ಸ್ನಾಯುಗಳಂತೆ, ಯಕೃತ್ತಿನಂತೆ ಅದು ಹೇಳಿಕೊಳ್ಳುವಷ್ಟು ದಾಸ್ತಾನು ಇಟ್ಟುಕೊಳ್ಳುವುದಿಲ್ಲ. ಅಂದಂದಿನ ದುಡಿಮೆಯನ್ನು ಅಂದಂದೇ ಉಣ್ಣುವ ಕೂಲಿಕಾರನ ಸಂಸಾರದಂತೆ ಅದರ ಬದುಕು.

ಈ ಉರಿಯುವಿಕೆಯನ್ನು ಬದುಕಿರುವ ಮನುಷ್ಯನ ತಲೆಯೊಳಗೆ ನೋಡುವುದು ಬಹುಕಾಲ ಅಸಾಧ್ಯವಾಗಿತ್ತು. ಅಮೆರಿಕದ ಲೂಯಿ ಸೊಕೊಲಾಫ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು, ಗ್ಲೂಕೋಸನ್ನು ಹೋಲುವ ಪದಾರ್ಥವೊಂದಕ್ಕೆ ವಿಕಿರಣದ ಗುರುತು ಹಚ್ಚಿ ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆಯನ್ನು ಹೀರುತ್ತದೆಂದು ಅಳೆಯುವ ವಿಧಾನವನ್ನು ರೂಪಿಸಿದರು. ಆ ವಿಧಾನವೇ ಮುಂದೆ ಪೆಟ್ ಸ್ಕ್ಯಾನ್ ಎಂಬ ಯಂತ್ರದಲ್ಲಿ ಮನುಷ್ಯರಿಗೆ ಬಳಕೆಗೆ ಬಂದಿತು. ಆಲ್ಝೈಮರ್ ರೋಗಿಗಳ ಮಿದುಳನ್ನು ಹೀಗೆ ನೋಡಿದಾಗ ಪಾರ್ಶ್ವಭಾಗ, ಹಿಂಭಾಗಗಳ ಕೆಲವು ನಿಶ್ಚಿತ ಸ್ಥಳಗಳಲ್ಲಿ ಬೆಳಕು ಮಂಕಾಗಿರುವುದು ಕಂಡಿತು. ಅಂದರೆ ಅಲ್ಲಿ ಸಕ್ಕರೆಯ ಬಳಕೆ ತಗ್ಗಿತ್ತು. ೧೯೯೬ರಲ್ಲಿ ಅಮೆರಿಕದಿಂದಲೇ ಬಂದ ಇನ್ನೊಂದು ವರದಿ ಮತ್ತಷ್ಟು ಆಶ್ಚರ್ಯಕರ. ರೋಗದ ಅಪಾಯವನ್ನು ಹೆಚ್ಚಿಸುವ ವಂಶವಾಹಿಯನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದಿದ್ದ, ೫೦ರಿಂದ ೬೫ ವಯಸ್ಸಿನ ಕೆಲವರನ್ನು ಪರೀಕ್ಷಿಸಲಾಯಿತು. ಅವರ ನೆನಪು ಚೊಕ್ಕವಾಗಿತ್ತು. ಆದರೆ ಅದೇ ಸ್ಥಳಗಳಲ್ಲಿ ಅವರ ಮಿದುಳಿನ ಬೆಳಕು ಆಗಲೇ ಮಂಕಾಗತೊಡಗಿತ್ತು! ಪ್ರಣತಿಯಲ್ಲಿ ಎಣ್ಣೆಯಿದ್ದೂ ಬತ್ತಿ ಅದನ್ನು ಹೀರದಂತಹ ಸ್ಥಿತಿಯಿದು. ಮನೆಯಲ್ಲಿ ಯಾರಿಗೂ ತಿಳಿಯದೆ, ಸ್ವತಃ ಆ ವ್ಯಕ್ತಿಗೂ ತಿಳಿಯದೆ, ವರ್ಷಾನುಗಟ್ಟಲೆ ಮುಂಚೆಯೇ ಮಿದುಳು ಹಸಿದಿರುತ್ತದೆ.

ಹಸಿವಿನಿಂದ ಕೋಶಗಳು ಕ್ಷೀಣಿಸಿದವೋ, ಕೋಶಗಳು ಕ್ಷೀಣಿಸಿದ್ದರಿಂದ ಅವುಗಳಿಗೆ ಅನ್ನ ಬೇಡವಾಯಿತೋ ಎಂಬುದು ವಿಜ್ಞಾನಿಗಳಲ್ಲಿ ಇನ್ನೂ ಇತ್ಯರ್ಥವಾಗದ ವಾದ. ತರ್ಕಶಾಸ್ತ್ರ ಓದಿದವರಿಗೆ ಇಂತಹ ಕಾರ್ಯಕಾರಣದ ತೊಡಕು ಹೊಸತೇನಲ್ಲ. ಎರಡೂ ಪರಸ್ಪರ ಎಳೆದಾಡಿ ಉರುಳುತ್ತವೆಂಬ ಪಕ್ಷವೇ ನಮಗೆ ಯುಕ್ತವಾಗಿ ಕಾಣುತ್ತದೆ.

ಇಲ್ಲಿ ಸಕ್ಕರೆ ಕಾಯಿಲೆಯ ಮಾತು ಬರುತ್ತದೆ. ನೆದರ್‌ಲ್ಯಾಂಡ್ಸ್ ದೇಶದ ರಾಟರ್‌ಡ್ಯಾಮ್ ನಗರದಲ್ಲಿ ಆರು ಸಾವಿರಕ್ಕೂ ಹೆಚ್ಚು ಹಿರಿಯರನ್ನು ವರ್ಷಗಟ್ಟಲೆ ಗಮನಿಸಿ ೧೯೯೯ರಲ್ಲಿ ಪ್ರಕಟಿಸಿದ ವರದಿಯು, ಮಧುಮೇಹವಿದ್ದವರಿಗೆ ಮರೆಗುಳಿ ರೋಗದ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ತೋರಿಸಿತು. ಲಂಡನ್ನಿನ ಸರಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ಮತ್ತೊಂದು ಅಧ್ಯಯನ ೨೦೨೧ರಲ್ಲಿ ಇದಕ್ಕೆ ಒಂದು ಮುಖ್ಯವಾದ ಮಾತನ್ನು ಸೇರಿಸಿತು: ಸಕ್ಕರೆ ಕಾಯಿಲೆ ಎಷ್ಟು ಚಿಕ್ಕ ವಯಸ್ಸಿನಲ್ಲಿ ಹತ್ತಿತೋ ಮರೆವಿನ ಅಪಾಯವೂ ಅಷ್ಟು ಹೆಚ್ಚು. ಇದಕ್ಕೆ ಕಾರಣವೇನೆಂಬುದಕ್ಕೆ ಹಲವು ಊಹೆಗಳಿವೆ. ಅವುಗಳಲ್ಲೊಂದನ್ನು ಗೃಹಸ್ಥರು ಸುಲಭವಾಗಿ ಗ್ರಹಿಸಬಹುದು. ರಕ್ತದ ಸಕ್ಕರೆಯನ್ನು ಕೋಶಗಳಿಗೆ ಒಪ್ಪಿಸುವ ಇನ್ಸುಲಿನ್ ಎಂಬ ರಸವನ್ನು ಕೆಲಸ ಮುಗಿದ ಮೇಲೆ ಒಡೆದು ತೆಗೆಯಲು ದೇಹದಲ್ಲಿ ಒಂದು ಕಿಣ್ವವಿದೆ. ಆಲ್ಝೈಮರ್ ಕಂಡ ಗುಪ್ಪೆಗಳಾಗುವ ಅಮೈಲಾಯ್ಡ್ ಎಂಬ ಪದಾರ್ಥವನ್ನು ಒಡೆಯುವುದರಲ್ಲಿಯೂ ಅದೇ ಕಿಣ್ವದ ಪಾತ್ರವಿದೆ. ಒಂದೇ ಗಾಣಕ್ಕೆ ಎರಡು ಊರಿನ ಕಾಳು ಬಂದಂತೆ. ಇನ್ಸುಲಿನ್ನಿನ ರಾಶಿ ಹೆಚ್ಚಾದರೆ ಅಮೈಲಾಯ್ಡ್ ಸರದಿಯಲ್ಲೇ ಕೊಳೆಯುತ್ತದೆಂದು ಊಹಿಸಲಾಗಿದೆ.

ಅಮೆರಿಕದ ಸುಝಾನ್ ಡಿ ಲಾ ಮೊಂಟೆ ಎಂಬವರ ತಂಡ ೨೦೦೫ರಲ್ಲಿ ಆಲ್ಝೈಮರ್ ಕಾಯಿಲೆಯನ್ನು ‘ಮೂರನೆಯ ಬಗೆಯ ಮಧುಮೇಹ’ವೆಂದು ಕರೆಯಿತು. ಮಾತು ಆಕರ್ಷಕವಾಗಿದ್ದುದರಿಂದ ಎಲ್ಲೆಡೆ ಹಬ್ಬಿತು. ಆದರೆ ನಮಗೆ ಈ ಹೆಸರು ರುಚಿಸುವುದಿಲ್ಲ. ಸಕ್ಕರೆ ಕಾಯಿಲೆ ಇರುವವರೆಲ್ಲರಿಗೂ ಮರೆವು ಬರುವುದಿಲ್ಲ, ಮರೆವು ಬಂದವರಿಗೆಲ್ಲ ಸಕ್ಕರೆ ಕಾಯಿಲೆಯೂ ಇರುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಎಂಬ ಔಷಧವನ್ನು ಆಲ್ಝೈಮರ್ ಆರಂಭವಾಗಿದ್ದ ಸಾವಿರಾರು ಜನರಲ್ಲಿ ಪರೀಕ್ಷಿಸಿದಾಗ ಅದು ರೋಗದ ಮುನ್ನಡೆಯನ್ನು ತಡೆಯಲಿಲ್ಲವೆಂದು ೨೦೨೫ರ ನವೆಂಬರಿನಲ್ಲಿ ಔಷಧದ ತಯಾರಕರೇ ಘೋಷಿಸಿದರು. ಬೆಂಕಿ ಸೂರಿಗೆ ಹತ್ತಿದ ಮೇಲೆ ಒಲೆಯನ್ನು ಆರಿಸಿ ಫಲವೇನು? ಸಕ್ಕರೆ, ರಕ್ತದೊತ್ತಡ, ಕೊಬ್ಬು ಇವುಗಳನ್ನು ಹತೋಟಿಯಲ್ಲಿಡಬೇಕಾದ ಕಾಲ ನಲವತ್ತು ಐವತ್ತರ ವಯಸ್ಸು. ಅಂದರೆ ಅತ್ತೆಯವರ ಕಾಯಿಲೆಯನ್ನು ಕುರಿತು ಓದುತ್ತಿರುವ ಮಗ ಸೊಸೆಯರ ವಯಸ್ಸು.

ಈಗ ಮೈ ಇಳಿಯುವ ವಿಷಯಕ್ಕೆ ಬರೋಣ. ಪತ್ರ ಬರೆದ ತಾಯಿಗೆ ಬೇಕಾದ ಸಾಕ್ಷಿ ಇರುವುದು ಇಲ್ಲಿಯೇ. ಹವಾಯಿಯ ಹೊನೊಲುಲುವಿನಲ್ಲಿ ನೆಲೆಸಿದ ಜಪಾನೀ ಮೂಲದ ಗಂಡಸರ ದೇಹತೂಕವನ್ನು ಮೂರು ದಶಕಗಳ ಕಾಲ ದಾಖಲಿಸುತ್ತ ಬಂದ ಸಂಶೋಧಕರು ೨೦೦೫ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಮುಂದೆ ಮರೆಗುಳಿ ರೋಗಕ್ಕೆ ತುತ್ತಾದವರ ತೂಕವು ರೋಗ ಗುರುತಿಗೆ ಬರುವ ಮೊದಲೇ ಉಳಿದವರಿಗಿಂತ ಬೇಗ ಇಳಿಯತೊಡಗಿತ್ತು. ಲಂಡನ್ನಿನ ಆ ನೌಕರರ ಅಧ್ಯಯನವೂ ೨೦೧೮ರಲ್ಲಿ ಇದನ್ನೇ ಹೇಳಿತು. ಅಲ್ಲಿ ಇಳಿತವು ರೋಗನಿರ್ಣಯಕ್ಕೆ ಸುಮಾರು ಎಂಟು ವರ್ಷ ಮೊದಲೇ ಆರಂಭವಾಗಿತ್ತು. ಸೊಸೆ ಬಡಿಸುವ ಕೈ ಹಿಡಿಯಿತೇ ಬಿಟ್ಟಿತೇ ಎಂಬುದಕ್ಕೂ ಈ ಆರಂಭದ ಇಳಿತಕ್ಕೂ ಸಂಬಂಧವಿಲ್ಲ. ವಾಸನೆಯನ್ನು ಗುರುತಿಸುವ ಶಕ್ತಿ ಈ ರೋಗದಲ್ಲಿ ಬಹು ಬೇಗ ಕುಂದುತ್ತದೆ. ಒಗ್ಗರಣೆಯ ಘಮ ಮೂಗಿಗೆ ತಟ್ಟದವರಿಗೆ ಊಟ ಸಪ್ಪೆಯಾಗುತ್ತದೆ. ಹಸಿವು ತೃಪ್ತಿಗಳನ್ನು ಆಳುವ ಮಿದುಳಿನ ಕೇಂದ್ರವೂ ರೋಗಕ್ಕೆ ಸಿಲುಕುತ್ತದೆ. ಮುಂದೆ ಮುಂದೆ, ತುತ್ತನ್ನು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆಯುವ ದಿನಗಳೂ ಬರುತ್ತವೆ. ಆದುದರಿಂದ ಕೃಷ್ಣರಾಜಪುರದ ಆ ಸಹೋದರಿಗೆ ನಮ್ಮ ವಿನಂತಿ ಇಷ್ಟೇ: ತಾಯಿಯ ಮೈ ನೋಡಿ ತಾವು ಓದಿದ ತೀರ್ಪನ್ನು ದಯವಿಟ್ಟು ಹಿಂದೆಗೆದುಕೊಳ್ಳಬೇಕು. ಉಂಡಿಲ್ಲವೆಂದು ಆ ವೃದ್ಧೆ ಹೇಳುವುದು ಸುಳ್ಳಲ್ಲ. ಉಂಡ ನೆನಪು ಅವರಲ್ಲಿ ಉಳಿದಿರುವುದಿಲ್ಲ. ಉಣಿಸಿದೆನೆಂದು ಸೊಸೆ ಹೇಳುವುದೂ ಸುಳ್ಳಲ್ಲ.

ಆದರೆ ತೂಕ ಇಳಿಯುವುದು ರೋಗದ ಸ್ವಭಾವವೆಂದು ಕೈಕಟ್ಟಿ ಕೂರಲಾಗದು. ಇಳಿದಷ್ಟೂ ಬಲ ಕುಂದಿ, ಬಿದ್ದು ಮೂಳೆ ಮುರಿಯುವ ಭಯವಿದೆ. ತಿಂಗಳಿಗೊಮ್ಮೆ ತೂಕ ನೋಡಿ ಕ್ಯಾಲೆಂಡರಿನ ಮೇಲೆಯೇ ಬರೆದಿಡಬೇಕು. ಎರಡು ದೊಡ್ಡ ಊಟಕ್ಕೆ ಬದಲು ಐದಾರು ಸಣ್ಣ ಊಟಗಳಾಗಲಿ. ಮತ್ತೊಮ್ಮೆ ಕೇಳಿದರೆ “ಈಗ ತಾನೇ ಉಂಡಿರಲ್ಲ” ಎಂದು ವಾದಕ್ಕಿಳಿಯದೆ, ಒಂದು ಬಾಳೆಹಣ್ಣನ್ನೋ ಅರ್ಧ ಲೋಟ ಹಾಲನ್ನೋ ಕೈಗಿಡುವುದು ಮೇಲು. ಅಮೆರಿಕದ ಬಾಸ್ಟನ್ನಿನ ಸಂಶೋಧಕರು ೨೦೦೪ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಆಲ್ಝೈಮರ್ ರೋಗಿಗಳಿಗೆ ಬಿಳಿಯ ತಟ್ಟೆಯ ಬದಲು ಗಾಢ ಕೆಂಪು ತಟ್ಟೆಯಲ್ಲಿ ಬಡಿಸಿದಾಗ ಅವರು ತಿನ್ನುವ ಪ್ರಮಾಣ ನೂರಕ್ಕೆ ೨೫ರಷ್ಟು ಹೆಚ್ಚಿತು. ರೋಗವು ಕಣ್ಣಿನ ವಿವೇಚನೆಯನ್ನೂ ಕೆಡಿಸುವುದರಿಂದ ಬಿಳಿಯ ತಟ್ಟೆಯ ಮೇಲಿನ ಬಿಳಿಯ ಅನ್ನ ಅವರಿಗೆ ಕಾಣುವುದಿಲ್ಲ. ನಮ್ಮ ಹೊಳೆಯುವ ಸ್ಟೀಲ್ ತಟ್ಟೆಗಳೂ ಈ ವಿಷಯದಲ್ಲಿ ಒಳ್ಳೆಯವಲ್ಲವೆಂದು ತೋರುತ್ತದೆ. ಶಿವಾಜಿನಗರದ ಪಾತ್ರೆ ಅಂಗಡಿಗಳಲ್ಲಿ ಬಣ್ಣದ ತಟ್ಟೆಗೇನು ಬರವೇ?

ಮಧುಮೇಹಕ್ಕೆ ಮಾತ್ರೆಯನ್ನೋ ಇನ್ಸುಲಿನ್ ಚುಚ್ಚುಮದ್ದನ್ನೋ ತೆಗೆದುಕೊಳ್ಳುತ್ತಿರುವ ವೃದ್ಧರಿಗೆ ಮರೆವು ಸೇರಿಕೊಂಡರೆ ಇನ್ನೊಂದು ಅಪಾಯವಿದೆ. ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ನುಂಗುತ್ತಾರೆ; ಇಲ್ಲವೇ ಮಾತ್ರೆ ನುಂಗಿ ಊಟವನ್ನು ಮರೆಯುತ್ತಾರೆ. ರಕ್ತದ ಸಕ್ಕರೆ ಹಠಾತ್ತನೆ ಕುಸಿದು, ಮೊದಲೇ ಹಸಿದ ಮಿದುಳಿಗೆ ಪೆಟ್ಟು ಬೀಳುತ್ತದೆ. ಔಷಧದ ಡಬ್ಬಿಯ ಬೀಗದ ಕೈ ಆರೋಗ್ಯವಂತರ ಬಳಿ ಇರತಕ್ಕದ್ದು.

ಎಲ್ಲ ಮರೆವಿನ ರೋಗಗಳಲ್ಲಿಯೂ ಮೈ ಇಳಿಯುತ್ತದೆಂದಲ್ಲ. ಮಿದುಳಿನ ಮುಂಭಾಗವನ್ನು ಹಿಡಿಯುವ ಬಗೆಯೊಂದಿದೆ. ಅದು ಹಲವೊಮ್ಮೆ ಅರವತ್ತಕ್ಕೆ ಮೊದಲೇ ಬರುತ್ತದೆ. ಅದರಲ್ಲಿ ನೆನಪಿಗಿಂತ ಮುಂಚೆ ನಡತೆ ಕೆಡುತ್ತದೆ. ಸಿಹಿಯ ಮೇಲೆ ಅತ್ಯಾಸೆ ಹುಟ್ಟುತ್ತದೆ. ಸಭ್ಯರಾಗಿ ಬಾಳಿದವರು ಸಕ್ಕರೆ ಡಬ್ಬಕ್ಕೆ ಕೈಹಾಕುತ್ತಾರೆ, ಮದುವೆಮನೆಯಲ್ಲಿ ಪಕ್ಕದವರ ಎಲೆಯ ಹೋಳಿಗೆಯನ್ನು ಎತ್ತಿಕೊಳ್ಳುತ್ತಾರೆ. ಆಸ್ಟ್ರೇಲಿಯದ ಸಿಡ್ನಿ ನಗರದ ಸಂಶೋಧಕರು ಇಂತಹ ರೋಗಿಗಳ ಆಹಾರಕ್ರಮ, ಇನ್ಸುಲಿನ್, ದೇಹವು ವ್ಯಯಿಸುವ ಶಕ್ತಿ ಎಲ್ಲವನ್ನೂ ಅಳೆದು, ಇದೂ ಚಯಾಪಚಯದ ಏರುಪೇರೇ ಎಂದು ತೋರಿಸಿದ್ದಾರೆ. ಇಂತಹ ಹಿರಿಯರನ್ನು ಬಾಯಿಚಪಲದವರೆಂದು ಬೈಯುವ ಮುನ್ನ ಒಮ್ಮೆ ಯೋಚಿಸುವುದೊಳಿತು.

ಇಷ್ಟು ಹೊತ್ತು ಹೇಳಿದುದರಲ್ಲಿ ಹೊರದೇಶದ ಹೆಸರುಗಳೇ ಹೆಚ್ಚಾದವು. ನಮ್ಮ ಜನರ ಅನ್ನ ಬೇರೆ, ಮೈಕಟ್ಟು ಬೇರೆ; ಸಣಕಲು ದೇಹದೊಳಗೂ ಕೊಬ್ಬು ಅಡಗಿರುವ, ತೂಕ ಹೆಚ್ಚದೆಯೇ ಸಕ್ಕರೆ ಕಾಯಿಲೆ ಹತ್ತುವ ಜನ ನಾವು. ಅವರ ಲೆಕ್ಕ ನಮಗೆ ಹೊಂದುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಹಲಸೂರಿನವರ ಕಾಲಡಿಯ ರಸ್ತೆಯಲ್ಲಿಯೇ ನಡೆದಿದೆಯೆಂದರೆ ಓದುಗರು ನಂಬಲಾರರು. ಹಲಸೂರಿನಿಂದ ಇಂದಿರಾನಗರ, ಕೃಷ್ಣರಾಜಪುರಗಳನ್ನು ಹಾದು ಹೊಸಕೋಟೆಯತ್ತ ಸಾಗುವ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಕೋಲಾರವನ್ನು ದಾಟಿದರೆ ಮಾವಿಗೆ ಹೆಸರಾದ ಶ್ರೀನಿವಾಸಪುರ ಸಿಗುತ್ತದೆ. ಆ ತಾಲ್ಲೂಕಿನ ಹಳ್ಳಿಗಳಲ್ಲಿ, ೪೫ ವರ್ಷ ದಾಟಿದ, ಮರೆಗುಳಿ ರೋಗವಿನ್ನೂ ತಟ್ಟದ ೧೦,೦೦೦ ಜನರನ್ನು ಗುರಿಯಾಗಿಟ್ಟುಕೊಂಡು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ೨೦೧೮ರಿಂದ ಅಧ್ಯಯನವೊಂದನ್ನು ನಡೆಸುತ್ತಿದೆ. ‘ಸಂಸ್ಕಾಗ್’ ಎಂಬುದು ಅದರ ಕಿರುಹೆಸರು. ಕೇಂದ್ರದ ಸ್ಥಾಪಕ ನಿರ್ದೇಶಕಿಯಾಗಿ ಇದನ್ನು ಕಟ್ಟಿದವರು ವಿಜಯಲಕ್ಷ್ಮಿ ರವೀಂದ್ರನಾಥ್ ಅವರು. ಹಿಂದೆ ನಿಮ್ಹಾನ್ಸ್‌ನಲ್ಲಿದ್ದಾಗ, ಕೇಸರಿ ಬೇಳೆಯ ವಿಷವು ನರಕೋಶದೊಳಗಿನ ಶಕ್ತಿಯ ಒಲೆಗಳಾದ ಮೈಟೋಕಾಂಡ್ರಿಯಗಳನ್ನು ಹೇಗೆ ಆರಿಸಿ ಕಾಲುಗಳನ್ನು ಸ್ವಾಧೀನ ತಪ್ಪಿಸುತ್ತದೆಂದು ಅವರು ಸಂಶೋಧಿಸಿದ್ದರು. ಕೋಶದ ಉರಿಗೂ ನರಗಳ ಅಳಿವಿಗೂ ಇರುವ ನಂಟು ಅವರಿಗೆ ಹಳೆಯ ಪರಿಚಯ.

ಶ್ರೀನಿವಾಸಪುರದಲ್ಲಿ ಮಾಡುವುದೇನು? ಆರೋಗ್ಯವಂತರನ್ನು ಕರೆದು ರಕ್ತದಲ್ಲಿನ ಸಕ್ಕರೆ, ಕೊಬ್ಬು, ಥೈರಾಯ್ಡ್, ಜೀವಸತ್ವಗಳನ್ನು ಅಳೆಯುತ್ತಾರೆ, ಓದು ಬರಹ ಬಾರದವರಿಗೂ ಹೊಂದುವಂತೆ ನೆನಪಿನ ಪರೀಕ್ಷೆ ನಡೆಸುತ್ತಾರೆ, ಮಿದುಳಿನ ಚಿತ್ರ ತೆಗೆಯುತ್ತಾರೆ, ವಂಶವಾಹಿಗಳನ್ನು ಓದುತ್ತಾರೆ. ವರ್ಷಗಳುರುಳಿದಂತೆ ಮತ್ತೆ ಮತ್ತೆ ಅವರನ್ನೇ ನೋಡುತ್ತಾರೆ. ಕೆಲವರಿಗೆ ಮುಂದೆ ಮರೆವು ಬರುತ್ತದೆ, ಹಲವರಿಗೆ ಬರುವುದಿಲ್ಲ. ಅಂದು ಹಿಂದಿರುಗಿ ದಾಖಲೆ ತಿರುವಿದಾಗ, ಇವರ ರಕ್ತದಲ್ಲಿ ಮೊದಲು ಯಾವುದು ಬದಲಾಯಿತೆಂದು ತಿಳಿಯುತ್ತದೆ. ಬೆಂಗಳೂರಿನ ನಗರವಾಸಿಗಳಲ್ಲಿ ಇಂತಹುದೇ ಸಣ್ಣ ಅಧ್ಯಯನವೊಂದನ್ನು ಅದೇ ಕೇಂದ್ರವು ಟಾಟಾ ದತ್ತಿಯ ನೆರವಿನಿಂದ ನಡೆಸುತ್ತಿದೆ. ಫಲ ಕಾಣಲು ಒಂದು ತಲೆಮಾರು ಬೇಕಾಗಬಹುದು. ಮಾವಿನ ಸಸಿ ನೆಟ್ಟ ರೈತರ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಗೇನೂ ಲಾಭವಿಲ್ಲದಿದ್ದರೂ ತೋಳು ನೀಡಿ ರಕ್ತ ಕೊಟ್ಟು ಬರುವ ಆ ಹಳ್ಳಿಗರ ಬಗ್ಗೆ ನಮಗೆ ತುಂಬ ಗೌರವವಿದೆ.

ಶಾಕಾಹಾರಿಗಳಾದ ನಮ್ಮ ಮನೆಗಳಿಗೆ ಇದರಲ್ಲಿ ವಿಶೇಷವಾಗಿ ತಟ್ಟುವ ಅಂಶವೊಂದಿದೆ. ಅದು ಬಿ ೧೨ ಎಂಬ ಜೀವಸತ್ವ. ಸೊಪ್ಪು, ಕಾಳು, ಧಾನ್ಯಗಳಲ್ಲಿ ಅದು ಇಲ್ಲ. ಶಾಕಾಹಾರಿಗಳಿಗೆ ಅದು ದೊರೆಯುವುದು ಹಾಲು, ಮೊಸರುಗಳಿಂದ ಮಾತ್ರ. ಪುಣೆಯ ಡಾ. ಯಾಜ್ಞಿಕ್ ಮತ್ತು ಸಂಗಡಿಗರು ೪೪೧ ಗಂಡಸರನ್ನು ಪರೀಕ್ಷಿಸಿ ೨೦೦೬ರಲ್ಲಿ ಪ್ರಕಟಿಸಿದ ವರದಿಯಂತೆ ಅವರಲ್ಲಿ ನೂರಕ್ಕೆ ೬೭ ಮಂದಿಗೆ ಈ ಜೀವಸತ್ವ ಕಡಿಮೆಯಿತ್ತು. ಶಾಕಾಹಾರಿಗಳಲ್ಲಿ ಕೊರತೆಯ ಸಂಭವ ನಾಲ್ಕು ಪಟ್ಟಿಗೂ ಮಿಕ್ಕಿತ್ತು. ಇದು ಕಡಿಮೆಯಾದರೆ ಹೋಮೋಸಿಸ್ಟೀನ್ ಎಂಬ ಪದಾರ್ಥ ರಕ್ತದಲ್ಲಿ ಏರುತ್ತದೆ, ನರಗಳ ಹೊದಿಕೆ ಸವೆಯುತ್ತದೆ, ಪಾದ ಜುಮ್ಮೆನ್ನುತ್ತದೆ, ಮರೆವೂ ಬರಬಹುದು. ರಕ್ತಹೀನತೆ ಇಲ್ಲದೆಯೂ ಹೀಗಾಗಬಹುದೆಂದು ೧೯೮೮ರಲ್ಲಿಯೇ ವೈದ್ಯರು ಎಚ್ಚರಿಸಿದ್ದಾರೆ. ಮಧುಮೇಹಕ್ಕೆ ಮೆಟ್‌ಫ಼ಾರ್ಮಿನ್ ಮಾತ್ರೆಯನ್ನು ಹಲವು ವರ್ಷ ತೆಗೆದುಕೊಂಡವರಲ್ಲಿ ಕೊರತೆ ಇನ್ನೂ ಹೆಚ್ಚು. ಇಳಿವಯಸ್ಸಿನಲ್ಲಿ ಹಾಲು ಕುಡಿದರೂ ದೇಹವು ಅದನ್ನು ಹೀರಿಕೊಳ್ಳದೆ ಹೋಗಬಹುದು.

ಆದರೆ ಇದು ಆಲ್ಝೈಮರ್‌ನಂತಲ್ಲ. ಬೇಗ ಕಂಡುಹಿಡಿದರೆ ಚುಚ್ಚುಮದ್ದಿನಿಂದ, ಮಾತ್ರೆಯಿಂದ ಸರಿಪಡಿಸಬಹುದಾದುದು. ನಿಮ್ಹಾನ್ಸ್‌ನ ವೈದ್ಯರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮರೆಗುಳಿ ರೋಗವೆಂದು ಬಂದವರ ಪೈಕಿ ನೂರಕ್ಕೆ ೧೮ರಷ್ಟು ಜನರಲ್ಲಿ ಗುಣಪಡಿಸಬಹುದಾದ ಕಾರಣಗಳು ಸಿಕ್ಕವು. ಮಿದುಳಿನ ಸೋಂಕು, ತಲೆಯೊಳಗಿನ ನೀರು, ಬಿ ೧೨ ಕೊರತೆ ಇಂಥವು. ನೂರರಲ್ಲಿ ಹದಿನೆಂಟು! ಅರಳುಮರಳೆಂದು ಮೂಲೆಯಲ್ಲಿ ಕೂರಿಸಿದ ಹಿರಿಯರಲ್ಲಿ ಎಷ್ಟು ಮಂದಿ ಒಂದು ರಕ್ತಪರೀಕ್ಷೆಯ ದೂರದಲ್ಲಿದ್ದರೋ! ಹಾಗೆಂದು ಪರೀಕ್ಷೆಯಿಲ್ಲದೆ ಎಲ್ಲರೂ ಬಿ ೧೨ ನುಂಗಿದರೆ ಮರೆವು ಬಾರದೆಂದು ಯಾರೂ ಭಾವಿಸಬಾರದು. ನಮ್ಮ ಆಹಾರಪದ್ಧತಿಯನ್ನು ಬಿಡಬೇಕೆಂದೂ ನಾವು ಹೇಳುತ್ತಿಲ್ಲ. ಅದರಲ್ಲಿರುವ ಒಂದು ಕೊರತೆಯನ್ನು ಅರಿತು ತುಂಬಿಕೊಳ್ಳಬೇಕೆನ್ನುತ್ತಿದ್ದೇವೆ. ಮರೆವು ಕಂಡ ಹಿರಿಯರನ್ನು ಮೊದಲು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೋ ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಗೋ ಕರೆದೊಯ್ದು ಸಕ್ಕರೆ, ಥೈರಾಯ್ಡ್, ಬಿ ೧೨ ಪರೀಕ್ಷೆಯ ವಿಷಯವನ್ನು ವೈದ್ಯರಲ್ಲಿ ಬಾಯಿಬಿಟ್ಟು ಕೇಳಿರಿ. ನಂತರ ಅವರ ಸಲಹೆಯಂತೆ ನಿಮ್ಹಾನ್ಸ್‌ಗೆ ಹೋಗಬಹುದು. ಕೃಷ್ಣರಾಜಪುರದ ಕಡೆಯವರಿಗೆ ಸಮೀಪದ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರು ೨೦೧೦ರಲ್ಲಿ ಆರಂಭಿಸಿದ ಕೇಂದ್ರವು ಈ ರೋಗಿಗಳ ಆರೈಕೆಗೆಂದೇ ಇರುವಂಥದು.

ಔಷಧಗಳ ಬಗ್ಗೆ ಎರಡು ಮಾತು. ಕೊಬ್ಬರಿ ಎಣ್ಣೆ ಕುಡಿದರೆ ಮರೆವು ವಾಸಿಯಾಗುತ್ತದೆಂಬ ಸುದ್ದಿ ಕೆಲವು ವರ್ಷಗಳಿಂದ ಹರಿದಾಡುತ್ತಿದೆ. ಇದರ ಮೂಲದಲ್ಲಿ ನಿಜವಾದ ಸಂಶೋಧನೆಯೊಂದಿದೆ. ಸಕ್ಕರೆಯನ್ನು ಹೀರಲಾರದ ಆಲ್ಝೈಮರ್ ಮಿದುಳು, ಕೊಬ್ಬು ಕರಗಿ ಹುಟ್ಟುವ ಕೀಟೋನ್ ಎಂಬ ಇಂಧನವನ್ನು ಇನ್ನೂ ಚೆನ್ನಾಗಿಯೇ ಹೀರುತ್ತದೆಂದು ಕೆನಡಾದ ಸ್ಟೀಫನ್ ಕುನೇನ್ ಅವರ ತಂಡ ತೋರಿಸಿದೆ. ಆದರೆ ಕೊಬ್ಬರಿ ಎಣ್ಣೆಯಿಂದ ಕೀಟೋನ್ ಹುಟ್ಟುವುದು ಅತ್ಯಲ್ಪ, ಅದರಿಂದ ರೋಗ ನಿಂತಿತೆಂಬುದಕ್ಕೆ ಪ್ರಮಾಣವಿಲ್ಲ. ಅಶ್ವಗಂಧದ ವಿಷಯವೂ ಹೀಗೆಯೇ. ವಿಜಯಲಕ್ಷ್ಮಿ ಅವರ ತಂಡವೇ ೨೦೧೨ರಲ್ಲಿ, ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಿಂದ, ಅಶ್ವಗಂಧದ ಸಾರವು ಯಕೃತ್ತನ್ನು ಪ್ರಚೋದಿಸಿ ಮಿದುಳಿನ ಅಮೈಲಾಯ್ಡನ್ನು ರಕ್ತಕ್ಕೆ ಸೆಳೆದು ಹಾಕಿಸಿತೆಂದು ಪ್ರಕಟಿಸಿತು. ತಲೆಯ ರೋಗಕ್ಕೆ ಹೊಟ್ಟೆಯೊಳಗಿನ ಅಂಗದಿಂದ ದಾರಿ ತೆರೆದದ್ದು ಅದ್ಭುತವೇ ಸರಿ. ಆದರೆ ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಅಂಗಡಿಯ ಅಶ್ವಗಂಧದ ಮಾತ್ರೆಯಿಂದ ಯಕೃತ್ತಿಗೇ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಆದುದರಿಂದ ವೈದ್ಯರನ್ನು ಕೇಳದೆ ಹಿರಿಯರ ಬಾಯಿಗೆ ಏನನ್ನೂ ಹಾಕಬೇಡಿರಿ.

ಕೊನೆಯದಾಗಿ, ಹಿಂದಿನೊಂದು ಸಂಚಿಕೆಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ ಬಾಕಿಯಿದೆ. ಅದು ಈ ವಿಷಯಕ್ಕೇ ಸೇರಿದ್ದು. ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಪರಿಶ್ರಮದಿಂದ ೧೯೯೫ರಿಂದ ಮಿದುಳಿನ ಸಂಗ್ರಹಾಲಯವೊಂದು ನಡೆಯುತ್ತಿದೆ. ಮರಣಾನಂತರ ಕುಟುಂಬದವರು ಒಪ್ಪಿ ನೀಡಿದ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾದಿಡುತ್ತಾರೆ. ಕೋಶಗಳ ಉರಿ ಎಲ್ಲಿ ಕೆಟ್ಟಿತೆಂಬುದನ್ನು ಕೊನೆಗೆ ನಿಶ್ಚಯಿಸುವುದು ಅಂತಹ ಮಿದುಳುಗಳಿಂದಲೇ. “ಮಿದುಳನ್ನು ತೆಗೆದ ಮೇಲೆ ನಮ್ಮ ಸಂಪ್ರದಾಯದಂತೆ ಸಮಾಧಿ ಮಾಡಬಹುದೇ?” ಎಂಬುದು ಅವರ ಪ್ರಶ್ನೆ. ಮಾಡಬಹುದು. ಮಿದುಳನ್ನು ಮಾತ್ರ ಇರಿಸಿಕೊಂಡು ಪಾರ್ಥಿವ ಶರೀರವನ್ನು ಮನೆಯವರಿಗೆ ಒಪ್ಪಿಸುತ್ತಾರೆ. ಕೂರಿಸಿ ವಿಭೂತಿ ಹಚ್ಚುವುದಕ್ಕೂ ಲಿಂಗದೊಡನೆ ಸಮಾಧಿಗಿಳಿಸುವುದಕ್ಕೂ ಅಡ್ಡಿಯಾಗುವುದಿಲ್ಲ. ನಾವು ಓದಿದ ಯಾವ ಗ್ರಂಥದಲ್ಲಿಯೂ ಇದಕ್ಕೆ ನಿಷೇಧ ಕಂಡಿಲ್ಲ. ಆದರೆ ಸಾವಿನ ನಂತರ ತಡಮಾಡುವಂತಿಲ್ಲವಾದ್ದರಿಂದ, ಹಿರಿಯರು ಸ್ವಸ್ಥಚಿತ್ತರಾಗಿರುವಾಗಲೇ ಮನೆಯವರೆಲ್ಲರ ಎದುರಿನಲ್ಲಿ ತಮ್ಮ ಇಚ್ಛೆಯನ್ನು ತಿಳಿಸಿ, ಸಂಸ್ಥೆಯವರನ್ನು ಮುಂಚಿತವಾಗಿ ವಿಚಾರಿಸಿಟ್ಟುಕೊಳ್ಳತಕ್ಕದ್ದು.